ಎರಡು ಬಾಟಲಿ ಪರೀಕ್ಷೆ: ಇಲಿಗಳು ಆಲ್ಕೋಹಾಲ್ ಮುಟ್ಟುತ್ತಲೇ ಇಲ್ಲ

ರಾತ್ರಿಪಾಳಿ: ತಲೆ ಕೆಟ್ಟು ಹೋಗಿದೆ. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ 10% ಆಲ್ಕೋಹಾಲ್. ಕುಡಿಯಲಿ ಅಂತ ಸ್ಯಾಕರಿನ್ ಕೂಡ ಬೆರೆಸಿದ್ದೇನೆ. ನಳಿಕೆಯನ್ನು ಒಂದು ಸಲ ನೆಕ್ಕಿ, ಮುಂಗಾಲಿನಿಂದ ಮೂತಿ ಒರೆಸಿಕೊಂಡು ಸೀದಾ ನೀರಿನ ಕಡೆ ಹೋಗುತ್ತವೆ. ಏನು ಮಾಡಲಿ?

ಸೀಸೆಕಾವಲು: ಬಾಟಲಿಗಳ ಜಾಗ ದಿನಾ ಅದಲುಬದಲು ಮಾಡುತ್ತಿದ್ದೀರಾ? ಎಷ್ಟೋ ಇಲಿಗಳಿಗೆ ಎಡವೋ ಬಲವೋ ಒಂದೇ ಕಡೆ ರೂಢಿಯಾಗಿರುತ್ತದೆ. ಇದೇ ಇರಬೇಕು.

ಜೀನುನಂಟು: ತಳಿ ಯಾವುದು ಅಂತ ಹೇಳಲೇ ಇಲ್ಲವಲ್ಲ? 1959ರಲ್ಲೇ ಮೆಕ್ಲರ್ನ್, ರಾಜರ್ಸ್ ಅನ್ನೋ ಸಂಶೋಧಕರು ತೋರಿಸಿದ್ದಾರೆ, ಸಿ57 ಅನ್ನೋ ತಳಿಯ ಇಲಿ ಆಲ್ಕೋಹಾಲ್ ಬಾಟಲಿಯನ್ನೇ ಹುಡುಕಿಕೊಂಡು ಹೋಗುತ್ತದೆ, ಡಿಬಿಎ ತಳಿಯದು ಹತ್ತಿರವೂ ಸುಳಿಯುವುದಿಲ್ಲ. ಹಾಗಂತ ಡಿಬಿಎಗೆ ಅಮಲು ಬೇಡ ಅಂತಲ್ಲ. ಚುಚ್ಚಿ ಕೊಟ್ಟರೆ, ಕೊಟ್ಟ ಜಾಗಕ್ಕೇ ಮತ್ತೆ ಹೋಗಿ ಕೂರುತ್ತದೆ. ಅದಕ್ಕೆ ಆಗದಿರುವುದು ಹೆಚ್ಚಾಗಿ ರುಚಿ, ವಾಸನೆ.

ರಾತ್ರಿಪಾಳಿ: ಕಪ್ಪಿಲಿಗಳು, ಸಿ57ಏ. ಜಾಗ ದಿನಾ ಬದಲಿಸುತ್ತಿದ್ದೇನೆ.

ಸೀಸೆಕಾವಲು: ದಿನಾ ಒಂದೇ ಹೊತ್ತಿಗಾ? ದೀಪ ಆರುವ ಮುಂಚೆ ಬದಲಿಸಿ. ಇಲಿ ಇಲ್ಲದ ಪಂಜರಕ್ಕೂ ಎರಡು ಬಾಟಲಿ ಹಾಕಿ, ಸುಮ್ನೆ ತೊಟ್ಟಿಕ್ಕಿ ಹೋಗಿದ್ದನ್ನು ಕಳೆಯಬೇಕು.

ನೆಕ್ಕೆಣಿಕೆ: ನಾನು ಪ್ರತಿ ನಳಿಕೆಗೂ ಸೆನ್ಸರ್ ಕೂರಿಸಿದ್ದೇನೆ. ಒಂದೊಂದು ನೆಕ್ಕೂ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಬೋರ್ಡೆಲ್ಲ ನಾನೇ ಬೆಸುಗೆ ಹಾಕಿದ್ದು.

ಸೀಸೆಕಾವಲು: ನೆಕ್ಕಿದ ಲೆಕ್ಕ ಬೇರೆ, ಕುಡಿದ ಲೆಕ್ಕ ಬೇರೆ. ಬಾಟಲಿ ತೂಗಲೇಬೇಕು.

ನೆಕ್ಕೆಣಿಕೆ: ದಿನಕ್ಕೊಮ್ಮೆ ತೂಗಿದರೆ ಯಾವ ಗಂಟೆಯಲ್ಲಿ ಕುಡಿಯಿತು ಅಂತ ಹೇಗೆ ಗೊತ್ತಾಗುತ್ತದೆ?

ಜೀನುನಂಟು: ಅದನ್ನು ಬೇರೆ ಕಡೆ ಮಾತಾಡಿ. ಸಿ57ರಲ್ಲಿ 6ಜೆ, 6ಎನ್ ಅಂತ ಕವಲುಗಳಿವೆ, ಜೆ ಜಾಸ್ತಿ ಕುಡಿಯುತ್ತದೆ. ದಿನಕ್ಕೆ ಮೈತೂಕದ ಕೆಜಿಗೆ 10 ಗ್ರಾಂ ಆಸುಪಾಸು. ಎನ್ ಆದರೂ ಇಷ್ಟು ದೂರ ಉಳಿಯಬಾರದು. ಈ ಇಲಿಗಳು ಮುಂಚೆ ಬೇರೆ ಪ್ರಯೋಗದಲ್ಲಿದ್ದವಾ?

ರಾತ್ರಿಪಾಳಿ: ಹೌದು, ಪಕ್ಕದ ಗುಂಪಿನವರು ಕೊಟ್ಟಿದ್ದು. ಸ್ಯಾಕರಿನ್ ನೀರು ಕುಡಿಸಿ ಆಮೇಲೆ ಆಲ್ಕೋಹಾಲ್ ಚುಚ್ಚುತ್ತಿದ್ದರು. ಮುಗಿದು ವಾರಗಳಾಗಿವೆ, ಅದಕ್ಕೂ ಇದಕ್ಕೂ ಏನು ಸಂಬಂಧ?

ಜೀನುನಂಟು: ಇದನ್ನು ಮೊದಲೇ ಹೇಳಬೇಕಿತ್ತು! ಸಿಹಿ ಕುಡಿದ ಬೆನ್ನಿಗೇ ಮೈ ಕೆಟ್ಟಿದೆ, ಆ ರುಚಿ ಅಂದರೆ ಈಗ ಅವಕ್ಕೆ ಭಯ. ವಾರ ಕಳೆದರೂ ಹೋಗುವುದಿಲ್ಲ. ಡಿಬಿಎಗೆ ಇದು ಬೇಗ ಹತ್ತುತ್ತದೆ, ಸಿ57ಕ್ಕೆ ಡೋಸ್ ಜಾಸ್ತಿ ಬೇಕು, ಆದರೆ ಹತ್ತುತ್ತದೆ. ನೀವು ಅದೇ ಸ್ಯಾಕರಿನ್ ಬೆರೆಸಿದ್ದೀರಿ. ಆಲ್ಕೋಹಾಲ್ ಇಲ್ಲದೆ ಬರೀ ಸ್ಯಾಕರಿನ್ ಇಟ್ಟು ನೋಡಿ. ಸಿ57 ಸಿಹಿಗೆ ಮುಗಿಬೀಳುವ ತಳಿ.

ರಾತ್ರಿಪಾಳಿ: ಇಟ್ಟೆ. ಬಾಟಲಿ ಹಾಗೇ ಇದೆ. ಸ್ಯಾಕರಿನ್ ಬಿಟ್ಟು ಇವಕ್ಕೇ 3%ರಿಂದ ಶುರುಮಾಡಿದರೆ?

ಜೀನುನಂಟು: ಕುಡಿಯಬಹುದು. ಆದರೆ ಬರುವ ಅಂಕಿಯನ್ನು ತಳಿಯ ಗುಣ ಅಂತ ಬರೆಯಬೇಡಿ. ಆಲ್ಕೋಹಾಲ್‌ನಲ್ಲೂ ಇಲಿಗೆ ಒಂಚೂರು ಸಿಹಿ ಸಿಗುತ್ತದೆ, ಹಳೇ ಭಯ ಅದಕ್ಕೂ ತಗಲಿರಬಹುದು. ಪಕ್ಕದ ಗುಂಪಿನಲ್ಲಿ ಹೋಲಿಕೆಗೆ ಅಂತ ಆಲ್ಕೋಹಾಲ್ ಬದಲು ಬರೀ ಉಪ್ಪುನೀರು ಚುಚ್ಚಿಸಿಕೊಂಡ, ಈ ಭಯ ಹತ್ತದ ಇಲಿಗಳೂ ಇರಬೇಕಲ್ವಾ? ಅವನ್ನು ಕೇಳಿ ತನ್ನಿ, ಇವುಗಳ ಪಕ್ಕದಲ್ಲೇ ಇಟ್ಟು ಅಳೆಯಿರಿ.

ಸೀಸೆಕಾವಲು: ಅಳೆದಾಗ ಖಾಲಿ ಪಂಜರದ ಅಂಕಿಯನ್ನೂ ಇಲ್ಲಿ ಹಾಕಿ.