ಅಪ್‌ಡೇಟ್: ಆಫೀಸಿನ ಡೈವರ್ಸಿಟಿ ಫಾರ್ಮ್ ಭರ್ತಿ ಮಾಡಿದೆ

ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕ್ತೀನಿ, ಅಂಗವೈಕಲ್ಯ, ಧರ್ಮ, ಲೈಂಗಿಕತೆ ಎಲ್ಲ ಕೇಳೋ ಈ ಫಾರ್ಮ್‌ನಲ್ಲಿ ಅದನ್ನ ಹೇಳಬೇಕಾ ಬೇಡ್ವಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕೊನೆಗೆ ಹೇಳಿಬಿಟ್ಟೆ.

"ಮೊದಲು ಮ್ಯಾನೇಜರ್ ಹತ್ರ ಮಾತಾಡಿ" ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ. ಪಾಪ, ಅವರಿಗೇ ಏನೂ ಗೊತ್ತಿರಲಿಲ್ಲ. ಕೆಲಸ ಮಾಡಿದ್ದು ಕಂಪನಿಯ ಸಮಾನ ಅವಕಾಶ ನೀತಿ ಕೇಳಿ ಅಂದವರ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗೂ ಅದು ಇರಲೇಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ರೆ ಲಯಾಸನ್ ಆಫೀಸರ್ (ಅಂಗವಿಕಲ ಉದ್ಯೋಗಿಗಳ ನೇಮಕಾತಿ, ಸೌಲಭ್ಯ ನೋಡ್ಕೊಳ್ಳೋರು) ಕೂಡ. ನಮ್ಮಲ್ಲೂ ಒಬ್ರಿದ್ದಾರೆ, ನಮ್ಮ ಫ್ಲೋರ್‌ನಲ್ಲೇ ಕೂರ್ತಾರೆ!

ಯುಡಿಐಡಿ ಕಾರ್ಡಿನ (ಸರ್ಕಾರ ಕೊಡೋ ಅಂಗವೈಕಲ್ಯ ಗುರುತಿನ ಚೀಟಿ) ಪ್ರತಿಯನ್ನ ಯಾರ‍್ಯಾರು ನೋಡಬಹುದು ಅಂತ ಅವರಿಂದ ಮೇಲ್‌ನಲ್ಲೇ ಬರೆಸ್ಕೊಂಡು ಆಮೇಲೆ ಅಪ್‌ಲೋಡ್ ಮಾಡಿದೆ. ಈಗ ಟೀಮ್ ಮೀಟಿಂಗ್‌ಗಳಲ್ಲಿ ಕ್ಯಾಪ್ಷನ್ ಆನ್ ಇರುತ್ತೆ. ಧರ್ಮ, ಲೈಂಗಿಕತೆ ಕಾಲಂಗೆ ‘ಹೇಳಲು ಇಷ್ಟವಿಲ್ಲ’ ಒತ್ತಿದೆ, ಯಾರೂ ಯಾಕೆ ಅಂತ ಕೇಳಿಲ್ಲ.