ಚಾಟ್‌ನಲ್ಲಿ ಲಿಂಕ್ ಹೆಕ್ಕುವ ರೆಜೆಕ್ಸ್: ಬಾಲ ಎಲ್ಲಿ ಕತ್ತರಿಸೋದು?

ಪ್ರಶ್ನೆ: ನಮ್ಮ ಓದುಗರ ವಾಟ್ಸ್‌ಆ್ಯಪ್ ಗುಂಪಿನ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೆಜೆಕ್ಸ್ (ಪಠ್ಯದಲ್ಲಿ ಬೇಕಾದ್ದನ್ನು ಹುಡುಕುವ ಪ್ಯಾಟರ್ನ್) ಬರೆದು ಲಿಂಕ್‌ಗಳನ್ನು ಹೆಕ್ಕುತ್ತಿದ್ದೇನೆ. ಎಚ್‌ಟಿಟಿಪಿಯಿಂದ ಶುರುಮಾಡಿ ಸ್ಪೇಸ್ ಸಿಗುವವರೆಗೆ ಹಿಡಿ ಅಂತ ಬರೆದಿದ್ದೇನೆ. ಸುಮಾರು ಲಿಂಕ್‌ಗಳು ತೆರೆಯುತ್ತಿಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಉತ್ತರ: ಲಿಂಕಿನ ಕೊನೆ ನೋಡಿ ಸರ್. ವಾಕ್ಯದ ಫುಲ್‌ಸ್ಟಾಪು, ಕಾಮಾ ಎಲ್ಲ ಅಂಟಿಕೊಂಡು ಬಂದಿರುತ್ತವೆ. ಅದನ್ನು ಪ್ಯಾಟರ್ನ್ ಒಳಗೇ ಸರಿಮಾಡಲು ಹೋಗಿ ನಾನು ಪ್ಲಸ್ ('ಒಂದು ಅಥವಾ ಹೆಚ್ಚು ಸಲ' ಅನ್ನುವ ಚಿಹ್ನೆ) ಒಳಗೆ ಪ್ಲಸ್ ಹಾಕಿದ್ದೆ. ಒಂದು ಉದ್ದ ಮೆಸೇಜು ಬಂದಾಗ ಬ್ಯಾಕ್‌ಟ್ರ್ಯಾಕಿಂಗ್ (ಹಿಂದೆ ಹೋಗಿ ಬೇರೆ ಬೇರೆ ರೀತಿ ಹೊಂದಿಸಿ ನೋಡುವುದು) ಮುಗಿಯದೆ ಪ್ರೋಗ್ರಾಮೇ ನಿಂತುಹೋಯಿತು. ಈಗ ಮೊದಲು ಸ್ಪೇಸ್‌ವರೆಗೆ ಹಿಡಿಯುತ್ತೇನೆ, ಬಾಲವನ್ನು ಆಮೇಲೆ ಬೇರೆಯಾಗಿ ಕತ್ತರಿಸುತ್ತೇನೆ. ಮುಚ್ಚುವ ಕಂಸವನ್ನು ಮಾತ್ರ ಎಣಿಸಿ ನೋಡಿ. ಲಿಂಕಿನೊಳಗೆ ಅದರ ಜೋಡಿ ಇದ್ದರೆ ಬಿಡಿ, ವಿಕಿಪೀಡಿಯದ ಎಷ್ಟೋ ವಿಳಾಸಗಳು ಕಂಸದಲ್ಲೇ ಮುಗಿಯುತ್ತವೆ.

ಉತ್ತರ: ಕನ್ನಡ ಚಾಟ್‌ಗೆ ಅಷ್ಟು ಸಾಲದು. ನಮ್ಮಲ್ಲಿ ಲಿಂಕ್ ಹಾಕಿ, ಜಾಗ ಬಿಡದೆ "ನಲ್ಲಿ ಇದೆ ನೋಡಿ" ಅಂತ ಬರೆಯುತ್ತಾರೆ. ವಿಭಕ್ತಿ ಅಂಟಿಸೋದು ನಮ್ಮ ಭಾಷೆಯ ಸಹಜ ಗುಣ, ಬರೆದವರದ್ದು ತಪ್ಪಲ್ಲ. ಬ್ರೌಸರಿನಿಂದ ಕಾಪಿ ಮಾಡಿದ ವಿಳಾಸದಲ್ಲಿ ಕನ್ನಡ ಸಾಮಾನ್ಯವಾಗಿ ಶೇಕಡಾ ಚಿಹ್ನೆಗಳ ಸಾಲಾಗಿರುತ್ತದೆ. ಒಂದು 'ಕ' ಅಂದರೆ 3 ಬೈಟು, ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಹಾಗಾಗಿ ಅಲ್ಲಿ ಅದು 9 ಅಕ್ಷರ. ಹಾಗಾಗಿ ಕೊನೆಯಲ್ಲಿ ನೇರವಾಗಿ ಕನ್ನಡ ಅಕ್ಷರ ಕಂಡರೆ ಹೆಚ್ಚಾಗಿ ಅದು ವಿಭಕ್ತಿಯೇ. ಯೂನಿಕೋಡ್‌ನ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ) 0ಸಿ80ರಿಂದ 0ಸಿಎಫ್‌ಎಫ್‌ವರೆಗಿನದು ಕನ್ನಡದ ಜಾಗ, ಅದನ್ನು ಬಾಲದಿಂದ ಕತ್ತರಿಸಿ. ಜೊತೆಗೆ 200ಸಿ ಕೂಡ ಸೇರಿಸಿ, ಅರ್ಧಾಕ್ಷರ ಬಿಡಿಸಲು ಬಳಸುವ ಆ ಕಣ್ಣಿಗೆ ಕಾಣದ ಅಕ್ಷರ ನನಗೆ ಎರಡು ದಿನ ಸಿಕ್ಕಿರಲಿಲ್ಲ. ಚಿಹ್ನೆ ತೆಗೆದು, ವಿಭಕ್ತಿ ತೆಗೆದು, ಮತ್ತೆ ಚಿಹ್ನೆ ನೋಡಿ.

ಡಾಟ್ ಭಾರತ ಅಂತ ಕನ್ನಡದಲ್ಲೇ ಮುಗಿಯುವ ಡೊಮೈನ್‌ಗಳೂ ಇವೆ, ಅವನ್ನು ಕತ್ತರಿಸಬೇಡಿ. ಅವನ್ನು ಹಿಡಿಯಲು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (ಅಕ್ಷರ, ಅಂಕಿ ಹಿಡಿಯುವ ರೆಜೆಕ್ಸ್ ಚಿಹ್ನೆ) ನಂಬಬೇಡಿ. ರೆಜೆಕ್ಸ್‌ಗೆಂದು ಪೈಥಾನ್‌ನಲ್ಲಿರುವ ಆರ್‌ಇ ಮಾಡ್ಯೂಲ್ ಆ ಚಿಹ್ನೆಯಿಂದ 'ಕವಿ'ಯಲ್ಲಿ ಕ, ವ ಹಿಡಿದು ಗುಡಿಸನ್ನು ಬಿಟ್ಟುಬಿಡುತ್ತದೆ.

ಉತ್ತರ: ಎಚ್‌ಟಿಟಿಪಿ ಇಲ್ಲದ ವಿಳಾಸಗಳ ಆಸೆ ಬಿಡಿ, ಅಥವಾ ಡಬ್ಲ್ಯೂ ಮೂರು ಸಲ ಇದ್ದರಷ್ಟೇ ತಗೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ "ಓಕೆ.ಸೋ" ಅಂತ ಜಾಗ ಬಿಡದೆ ಬರೆದದ್ದೂ ನನಗೆ ಲಿಂಕ್ ಆಗಿ ಬಂತು. ಡಾಟ್ ಎಸ್‌ಒ ಸೊಮಾಲಿಯಾದ ಡೊಮೈನ್.

ಕೇಳಿದವರು: ವಿಭಕ್ತಿ ಕತ್ತರಿಸಿದ ಮೇಲೆ ಬಹುಪಾಲು ತೆರೆಯುತ್ತಿವೆ, ತುಂಬಾ ಥ್ಯಾಂಕ್ಸ್. ಒಂದು ಕಡೆ ವಿಳಾಸವೇ ಕನ್ನಡದಲ್ಲಿ 'ಕುವೆಂಪು' ಅಂತಿದ್ದು, ಅದಕ್ಕೆ 'ವಿನಲ್ಲಿ' ಅಂಟಿದೆ. ಇಂಥವಕ್ಕೆ ಏನು ಮಾಡಲಿ?

ಉತ್ತರ: ಪೂರ್ತಿಯದ್ದು, ಕತ್ತರಿಸಿದ್ದು ಎರಡನ್ನೂ ಇಟ್ಟುಕೊಂಡು ಯಾವುದು ತೆರೆಯುತ್ತದೆ ನೋಡಿ. ನಾನು ಅಂಥವನ್ನು ಕೈಯಲ್ಲೇ ತಿದ್ದಿದೆ.