ಲಾಂಬ್ರುಸ್ಕೊ: ಇದು ವೈನಾ, ಬಣ್ಣದ ಸೋಡಾನಾ?

ಬಸವನಗುಡಿ ಹುಡುಗ: ಗೆಳೆಯ ಇಟಲಿಯಿಂದ ಒಂದು ಬಾಟಲಿ ಲಾಂಬ್ರುಸ್ಕೊ ತಂದಿದ್ದ. ಕೆಂಪು ವೈನ್ ಅಂತ ಗ್ಲಾಸಿಗೆ ಸುರಿದರೆ ನೇರಳೆ ಬಣ್ಣದ ನೊರೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತು. ಕುಡಿದರೆ ಸಿಹಿ ಸಿಹಿ. ಇಟಲಿಯದೇ ಗುಳ್ಳೆ ಬರುವ ಬಿಳಿ ವೈನ್ ಪ್ರೊಸೆಕ್ಕೊ ಮುಂದೆ ಇದು ನಿಲ್ಲುತ್ತಾ?

ಮೊಡೆನಾ ಸೊಸೆ: ಲೇಬಲ್ ಓದಿದಿರಾ? ‘ಡೊಲ್ಚೆ’ ಅಂದರೆ ಪೂರಾ ಸಿಹಿ, ‘ಅಮಾಬಿಲೆ’ ಅಂದರೆ ಅದಕ್ಕಿಂತ ಕಡಿಮೆ, ‘ಸೆಕ್ಕೊ’ದಲ್ಲಿ ಸಿಹಿ ಗೊತ್ತೇ ಆಗುವುದಿಲ್ಲ. ಲಾಂಬ್ರುಸ್ಕೊ ಒಂದೇ ದ್ರಾಕ್ಷಿ ಅಲ್ಲ, ಒಂದು ದೊಡ್ಡ ಕುಟುಂಬ. ನಮ್ಮ ಮೊಡೆನಾ ಸುತ್ತ ಮುಖ್ಯವಾಗಿ ಮೂರು. ಸೊರ್ಬಾರಾ ತಿಳಿ ಗುಲಾಬಿ, ನಾಲಿಗೆ ಜುಮ್ ಅನ್ನುವ ಹುಳಿ, ಸ್ಟ್ರಾಬೆರಿ ವಾಸನೆ. ಕಾಸ್ತೆಲ್ವೆತ್ರೊ ಗುಡ್ಡದ ಕಡೆಯ ಗ್ರಾಸ್ಪರೊಸ್ಸಾ ಕಡುಗೆಂಪು, ನೇರಳೆಹಣ್ಣಿನ ಹಾಗೆ ಒಗರು. ಸಲಾಮಿನೊ ಇವೆರಡರ ಮಧ್ಯೆ.

ಒಗರುಪ್ರಿಯ: ಎಷ್ಟು ಹೊಗಳಿದರೂ ಟ್ಯಾಂಕಿನಲ್ಲಿ ಗ್ಯಾಸ್ ಹಿಡಿಸಿದ ವೈನ್ ತಾನೇ? ಲೊಂಬಾರ್ಡಿಯ ಗುಳ್ಳೆ ವೈನ್ ಫ್ರಾಂಚಾಕೊರ್ತಾ ನೋಡಿ. ಬಾಟಲಿಯಲ್ಲೇ ಎರಡನೇ ಸಲ ಹುದುಗುತ್ತೆ, ಯೀಸ್ಟ್ ಜೊತೆ ಕನಿಷ್ಠ 18 ತಿಂಗಳು ಇರಬೇಕು. ಅದು ವೈನ್.

ಮೊಡೆನಾ ಸೊಸೆ: ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ ಸ್ವಾಮಿ! ಮುಚ್ಚಿದ ಟ್ಯಾಂಕಿನಲ್ಲಿ ವೈನ್ ಇನ್ನೊಂದು ಸಲ ಹುದುಗುತ್ತೆ, ಆಗ ಹುಟ್ಟಿದ ಗ್ಯಾಸ್ ಹೊರಗೆ ಹೋಗಲಾಗದೆ ಅದರಲ್ಲೇ ಉಳಿಯುತ್ತೆ. 1895ರಲ್ಲಿ ಮಾರ್ತಿನೊತ್ತಿ ಎಂಬ ಇಟಲಿಯವರೇ ಪೇಟೆಂಟ್ ಪಡೆದ ಪದ್ಧತಿ. ಪ್ರೊಸೆಕ್ಕೊ ಕೂಡ ಹೆಚ್ಚಾಗಿ ಹೀಗೇ ಆಗುವುದು, ಹುಡುಗ ಕೇಳಿಸಿಕೊಳ್ಳಲಿ. ಬಾಟಲಿಯಲ್ಲೇ ಹುದುಗಿಸಿ ಗಸಿ ತೆಗೆಯದೆ ಮಾರುವ ಲಾಂಬ್ರುಸ್ಕೊನೂ ಇದೆ. ಸ್ವಲ್ಪ ಮಬ್ಬಾಗಿರುತ್ತೆ, ನನಗೆ ಅದೇ ಇಷ್ಟ.

ವಿಜಯಪುರ ದ್ರಾಕ್ಷಿ: ಸೊರ್ಬಾರಾ ಗೊನೆಯ ಫೋಟೊ ನೋಡಿದೆ. ದೊಡ್ಡ ಕಾಯಿ ನಡುವೆ ಕಾಳುಮೆಣಸಿನಷ್ಟು ಪುಟ್ಟ ಕಾಯಿ. ನಮ್ಮ ತೋಟದಲ್ಲಿ ಹಾಗಾದರೆ ರಾತ್ರಿ ನಿದ್ದೆ ಬರುವುದಿಲ್ಲ. ಏನು ರೋಗ?

ಮೊಡೆನಾ ಸೊಸೆ: ರೋಗ ಅಲ್ಲ ಅಣ್ಣ, ಅದರ ಹುಟ್ಟುಗುಣ. ಸೊರ್ಬಾರಾ ಹೂವಿನ ಪರಾಗ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಸಲಾಮಿನೊ ಬಳ್ಳಿ ನೆಡುತ್ತಾರೆ. ಆದರೂ ಪೂರ್ತಿ ಕಾಯಿ ಕಚ್ಚುವುದಿಲ್ಲ.

ವಿಜಯಪುರ ದ್ರಾಕ್ಷಿ: ಹಾಗಿದ್ದೂ ಬೆಳೆಯುತ್ತಾರೆ ಅಂದರೆ ರುಚಿಯಲ್ಲಿ ಏನೋ ಇರಲೇಬೇಕು.

ಒಗರುಪ್ರಿಯ: ಸೊರ್ಬಾರಾ ಸೆಕ್ಕೊ ಚೆನ್ನಾಗಿದೆ, ಒಪ್ಪಿದೆ. ಆದರೆ 1970, 80ರ ದಶಕದಲ್ಲಿ ಅಮೆರಿಕಕ್ಕೆ ಸಿಹಿ ಲಾಂಬ್ರುಸ್ಕೊ ಹಡಗುಗಟ್ಟಲೆ ಹೋಯಿತು. ಐಸ್ ಹಾಕಿ ಕುಡಿಯಿರಿ ಅಂತ ಜಾಹೀರಾತು ಬೇರೆ. ಹೆಸರು ಕೆಟ್ಟಿದ್ದು ಅಲ್ಲೇ.

ಬೊಲೊನ್ಯಾ ಬಾಣಸಿಗ: ಸಿಹಿ ಅಂದ ಕೂಡಲೇ ಕೀಳು ಯಾಕೆ? ಇಲ್ಲಿನ ಊಟ ಅಂದರೆ ಪೂರಾ ಕೊಬ್ಬು. ಮೊರ್ತದೆಲ್ಲಾ, ಪ್ರೊಶುತ್ತೊ, ಹಬ್ಬಕ್ಕೆ ಬೇಯಿಸಿದ ಕೊತೆಕೀನೊ, ಎಲ್ಲ ಹಂದಿ ಮಾಂಸದ್ದೇ. ನ್ಯೊಕ್ಕೊ ಫ್ರಿತ್ತೊ ಥೇಟ್ ಪೂರಿ ಹಾಗೆ ಉಬ್ಬುತ್ತೆ, ಹಳೇ ಕ್ರಮದಲ್ಲಿ ಕರಿಯುವುದು ಹಂದಿ ಕೊಬ್ಬಿನಲ್ಲಿ. ಎರಡು ತಿಂದರೆ ಬಾಯೆಲ್ಲ ಜಿಡ್ಡು. ತಣ್ಣಗಿನ ಲಾಂಬ್ರುಸ್ಕೊ ಒಂದು ಗುಟುಕು ಕುಡಿದರೆ ಹುಳಿ, ಗುಳ್ಳೆ ಸೇರಿ ಬಾಯಿ ತೊಳೆದ ಹಾಗೆ. ಅದಕ್ಕೆ ಸೆಕ್ಕೊ ಸರಿ. ಹಣ್ಣಿನ ಟಾರ್ಟ್ ಜೊತೆ ಅಮಾಬಿಲೆಯೇ ಚೆಂದ.

ಸಸ್ಯಾಹಾರಿ ಸುಬ್ಬಿ: ನಮ್ಮಂಥವರು ಏನು ತಿನ್ನಬೇಕು? ಪಾರ್ಮಿಜಾನೊ ಚೀಸ್ ಸಾಕಲ್ವಾ?

ಬೊಲೊನ್ಯಾ ಬಾಣಸಿಗ: ಅದರಲ್ಲೂ ತೊಂದರೆ ಇದೆ ಅಕ್ಕ. ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್. ಬಜ್ಜಿ, ಬೋಂಡಾ ಮಾಡಿಕೊಳ್ಳಿ. ಜಿಡ್ಡಿಗೆ ಹುಳಿ ಅನ್ನುವ ಲೆಕ್ಕ ಅಲ್ಲೂ ನಡೆಯುತ್ತೆ, ಖಾರ ಜಾಸ್ತಿ ಹಾಕಬೇಡಿ ಅಷ್ಟೇ.

ಬಸವನಗುಡಿ ಹುಡುಗ: ಲೇಬಲ್ ನೋಡಿದೆ. ‘ಗ್ರಾಸ್ಪರೊಸ್ಸಾ, ಅಮಾಬಿಲೆ’. ನಾನು ಅದನ್ನು ಖಾರದ ಚಿಕನ್ ಸುಕ್ಕಾ ಜೊತೆ ಕುಡಿದಿದ್ದೆ, ಅದೂ ಫ್ರಿಜ್ಜಿಗೆ ಇಡದೆ. ಅರ್ಧ ಬಾಟಲಿ ಹಾಗೇ ಇದೆ, ಗುಳ್ಳೆ ಹೋಗಿದೆ. ಚೆಲ್ಲಲಾ?

ಮೊಡೆನಾ ಸೊಸೆ: ಬಿಸಿ ವೈನ್ ಬುಸ್ಸಂತ ಉಕ್ಕದೆ ಇನ್ನೇನು? ಚೆಲ್ಲಬೇಡಿ. ಮಾಂತೊವಾ ಕಡೆ ಬಿಸಿ ಮಾಂಸದ ಸಾರಿನ ಬಟ್ಟಲಿಗೇ ಲಾಂಬ್ರುಸ್ಕೊ ಸುರಿದುಕೊಂಡು ಕುಡಿಯುತ್ತಾರೆ. ಸಿಹಿದಲ್ಲ, ಸೆಕ್ಕೊ. ನಿಮ್ಮದನ್ನು ಸಕ್ಕರೆ ಹಾಕಿ ಕುದಿಸಿ, ಐಸ್‌ಕ್ರೀಮ್ ಮೇಲೆ ಹಾಕಿಕೊಳ್ಳಿ.

ಸಸ್ಯಾಹಾರಿ ಸುಬ್ಬಿ: ಸಾರಿಗೆ ವೈನಾ! ನಮ್ಮಮ್ಮ ಇದನ್ನು ಓದದಿದ್ದರೆ ಸಾಕು.